ಬೆರಳಿನಲ್ಲಿ ಉಳಿದ ಹಬ್ಬ

ಯುಗಾದಿಯ ಬೆಳಿಗ್ಗೆ ಎಣ್ಣೆ ನೀರು ಹಾಕಿಕೊಂಡು, ಹೊಸ ಸೀರೆ ಉಟ್ಟು ದೇವರ ಮುಂದೆ ಕೂತಿದ್ದೆ. ನನ್ನ ನಾದಿನಿ ತನ್ನ ಬೆರಳಿನ ಉಂಗುರ ತೆಗೆದು ನನ್ನ ಕೈಗೆ ಕೊಟ್ಟಳು.

"ಇದನ್ನ ಹಾಕ್ಕಂಡು ಪೂಜೆ ಮಾಡಿ ಅತ್ತಿಗೆ. ಅವ್ವಂದು."

ನನ್ನ ಗಂಡನಿಗೆ ಇವಳು ಒಬ್ಬಳೇ ತಂಗಿ. ಹಾಸನದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಆ ವರ್ಷ ಅವಳ ಗಂಡ, ಮಗಳು ಇಬ್ಬರೂ ಬೇರೆ ಕಡೆ ಹೋಗಿದ್ದರಿಂದ ಒಬ್ಬಳೇ ತವರಿಗೆ ಬಂದಿದ್ದಳು. ನಮ್ಮ ಊರು ಮಗ್ಗೆಯಿಂದ ಒಂದಿಷ್ಟು ಒಳಗೆ. ಸ್ವಲ್ಪ ಗದ್ದೆ, ಸ್ವಲ್ಪ ಕಾಫಿ, ನಾವಿಬ್ಬರೇ ಇರುವ ಮನೆ. ಹಬ್ಬಕ್ಕೆ ಮಾತ್ರ ದಾಯಾದಿಗಳೆಲ್ಲ ನಮ್ಮಲ್ಲೇ ಸೇರುತ್ತಾರೆ.

ಉಂಗುರ ನನ್ನ ಅತ್ತೆಯದು. ದಪ್ಪನೆಯದು, ಮೇಲೆ ಎಲೆಯಂತೆ ಕೊರೆದ ಚಿತ್ತಾರ. ಕೈಯಲ್ಲಿ ಇನ್ನೂ ಎಣ್ಣೆಯ ಜಿಡ್ಡಿತ್ತು, ಹಾಗಾಗಿ ಸಲೀಸಾಗಿ ಬೆರಳಿನ ಗಂಟು ದಾಟಿ ಕೂತಿತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಬೆರಳಲ್ಲಿ ಅದನ್ನು ನೋಡಿದ ನೆನಪಿದೆ. ಆಮೇಲೆ ಯಾವಾಗಲೋ ಅದು ಕಾಣದಾಯಿತು. ಮಗಳಿಗೆ ಕೊಟ್ಟುಬಿಟ್ಟಿರಬೇಕು ಅಂದುಕೊಂಡು ಸುಮ್ಮನಿದ್ದೆ. ಅವತ್ತು ದೀಪ ಹಚ್ಚುವಾಗ ಕೈಯನ್ನು ಬೇಕೆಂದೇ ಬೆಳಕಿಗೆ ಹಿಡಿದು ನೋಡಿಕೊಂಡೆ. "ಇರ್ಲಿ ಬುಡಿ, ಹಬ್ಬ ಮುಗಿಯಗಂಟ ಹಾಕ್ಕಂಡಿರಿ" ಅಂದಳು ನಾದಿನಿ.

ಹಬ್ಬ ಮುಗಿಯುವುದೆಂದರೆ ಸುಲಭವಲ್ಲ. ಮೊದಲ ದಿನ ಒಬ್ಬಟ್ಟು, ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ, ಹಪ್ಪಳ, ಸಂಡಿಗೆ. ಮಾರನೆಯ ದಿನ ಹೊಸತೊಡಕು, ಅಂದರೆ ಮಾಂಸದೂಟ. ಮಟನ್ ಸಾರು, ಕೋಳಿ ಹುರಿದದ್ದು, ಕಡುಬು, ಅಕ್ಕಿ ರೊಟ್ಟಿ. ಬಂದವರಿಗೆ ಬಡಿಸುವುದು, ಪಾತ್ರೆ ತೊಳೆಯುವುದು, ಮತ್ತೆ ಒಲೆ ಹಚ್ಚುವುದು. ಮೂರನೆಯ ದಿನ ಉಳಿದ ಸಾರನ್ನು ಕುದಿಸಿ ಕುದಿಸಿ ಅದು ಗಟ್ಟಿಯಾಗಿ, ಕಪ್ಪಗಾಗಿ, ಇನ್ನಷ್ಟು ರುಚಿಯಾಗಿತ್ತು.

ಅವತ್ತೇ ನಾದಿನಿ ಹೊರಡಬೇಕಾಗಿತ್ತು. ಬ್ಯಾಗು ತುಂಬಿ ಹೊರಗಿಟ್ಟು, "ಅತ್ತಿಗೆ, ಉಂಗುರ" ಅಂದಳು.

ನಾನು ಎಳೆದೆ. ಬರಲಿಲ್ಲ. ಉಂಗುರದ ಎರಡೂ ಪಕ್ಕ ಮಾಂಸ ಉಬ್ಬಿಕೊಂಡು, ಕಟ್ಟು ಬಿಗಿದ ಮೂಟೆಯ ಹಾಗೆ ಕಾಣುತ್ತಿತ್ತು. ಬಚ್ಚಲಿಗೆ ಹೋಗಿ ಸೋಪು ಹಚ್ಚಿದೆ. ಕೊಬ್ಬರಿ ಎಣ್ಣೆ ಹಚ್ಚಿದೆ. ನಾದಿನಿ ಹೊಲಿಗೆಯವಳಲ್ಲವೇ, ದಾರ ತಂದು ಬೆರಳಿನ ಗಂಟಿನವರೆಗೆ ಒತ್ತೊತ್ತಾಗಿ ಸುತ್ತಿ, ಉಂಗುರದಡಿಯಿಂದ ತುದಿ ಎಳೆದು ಬಿಚ್ಚುತ್ತಾ ಬಂದಳು. ಉಂಗುರ ಗಂಟಿನವರೆಗೆ ಬಂದು ಅಲ್ಲೇ ನಿಂತಿತು. ನನಗೆ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ನನ್ನ ಗಂಡ ಜೀಪಿನ ಕಟಿಂಗ್ ಪ್ಲೇಯರ್ ಹಿಡಿದುಕೊಂಡು ಬಂದರು. "ಕಟ್ ಮಾಡಿ ಬೆಸುಗೆ ಹಾಕ್ಸಿದ್ರೆ ಆಯ್ತು. ಎಷ್ಟೊತ್ತಿನ ಕೆಲಸ."

"ಅವ್ವನ ಉಂಗುರ ಕಣಣ್ಣ ಅದು" ಅಂದಳು ನಾದಿನಿ. ಮುಖ ಬಿಳಿಚಿಕೊಂಡಿತ್ತು. ಅವರು ಪ್ಲೇಯರನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಪಕ್ಕದ ಮನೆಯ ದೊಡ್ಡಮ್ಮ ಹಾಲಿಗೆ ಹೆಪ್ಪು ಕೇಳಲು ಬಂದವರು ಎಲ್ಲವನ್ನೂ ನಿಂತು ನೋಡಿದರು. "ಅತ್ತೆ ಒಡವೆ ಸೊಸೆ ಕೈಲೇ ಇರ್ಲಿ ಅಂತ ಐತೇನೋ, ಬುಡ್ತಾನೇ ಇಲ್ಲ ನೋಡವ್ವ" ಅಂತ ನಕ್ಕರು. ನಾನೂ ನಗಲು ನೋಡಿದೆ. ನಾದಿನಿ ನಗಲಿಲ್ಲ. ಆ ಮಾತು ಕೇಳಿದ ಮೇಲೆ ನಾನು ಉಂಗುರವನ್ನು ಎಷ್ಟು ಜೋರಾಗಿ ಎಳೆದೆನೆಂದರೆ ಚರ್ಮ ತರಚಿತು.

ಮೂವರೂ ಜೀಪು ಹತ್ತಿ ಬಾಳ್ಳುಪೇಟೆಗೆ ಹೋದೆವು. ಅಲ್ಲಿನ ವಯಸ್ಸಾದ ಅಕ್ಕಸಾಲಿ ಕನ್ನಡಕ ಏರಿಸಿ, ನನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕತ್ತರಿಸಬೋದು ತಾಯಿ. ಆದ್ರೆ ಈ ಎಲೆ ಕೆಲಸದ ಮೇಲೇ ಹಾಯಬೇಕು. ಕೂಡಿಸಿದ್ರೂ ಗೆರೆ ಉಳೀತದೆ." ಬೆರಳಿನ ತುದಿ ಒತ್ತಿ ಬಿಟ್ಟರು, ಬಿಳಿಯಾಗಿ ಮತ್ತೆ ಕೆಂಪಾಯಿತು. "ರಕ್ತ ಓಡಾಡ್ತಾ ಐತೆ. ಅರ್ಜೆಂಟಿಲ್ಲ. ಮೊದಲು ಡಾಕ್ಟ್ರಿಗೆ ತೋರಿಸ್ಕಳಿ, ಕೈ ಯಾಕೆ ಊದಿದೆ ಅಂತ."

ಕೈ ಯಾಕೆ ಊದಿದೆ? ಆ ಪ್ರಶ್ನೆ ಅಲ್ಲಿಯವರೆಗೆ ನಮ್ಮ ಮೂವರಲ್ಲಿ ಯಾರಿಗೂ ಬಂದಿರಲಿಲ್ಲ. ನಾವು ಉಂಗುರವನ್ನೇ ನೋಡುತ್ತಿದ್ದೆವು.

ಹೆದ್ದಾರಿ ಪಕ್ಕದ ಚಿಕ್ಕ ಕ್ಲಿನಿಕ್ಕಿನಲ್ಲಿದ್ದ ಡಾಕ್ಟರು ನಡುವಯಸ್ಸಿನ ಹೆಂಗಸು. ಹೊರಗೆ ಲಾರಿಗಳು ಹೋದಾಗಲೆಲ್ಲ ಮಾತು ನಿಲ್ಲಿಸಿ, ಸದ್ದು ಕಳೆದ ಮೇಲೆ ಮುಂದುವರಿಸುತ್ತಿದ್ದರು. ಬಿಪಿ ನೋಡಿದರು. ಆಮೇಲೆ ಬಗ್ಗಿ ನನ್ನ ಕಾಲಿನ ಮುಂಭಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟರು. ಅಲ್ಲೊಂದು ಗುಳಿ ಬಿತ್ತು. ಹಿಟ್ಟಿನ ಮುದ್ದೆಯ ಮೇಲೆ ಬೆರಳೊತ್ತಿದ ಹಾಗೆ ಆ ಗುಳಿ ಹಾಗೇ ಉಳಿಯಿತು. ನನ್ನ ಕಾಲನ್ನು ನಾನೇ ಮೊದಲ ಸಲ ನೋಡುತ್ತಿರುವಂತೆ ನೋಡಿದೆ.

"ಹಬ್ಬದಲ್ಲಿ ಏನೇನು ತಿಂದ್ರಿ?"

"ಜಾಸ್ತಿ ಏನಿಲ್ಲ ಡಾಕ್ಟ್ರೇ. ಕೂತು ಉಣ್ಣಕ್ಕೇ ಪುರುಸೊತ್ತಾಗ್ಲಿಲ್ಲ." ಸುಳ್ಳು ಹೇಳುತ್ತಿದ್ದೇನೆ ಅಂತ ನನಗೆ ಅನಿಸಲಿಲ್ಲ.

"ಕೂತ್ಕಂಡು ತಿನ್ಲಿಲ್ಲ ಮೇಡಂ, ನಿಂತ್ಕಂಡು ತಿಂದ್ರು" ಅಂದಳು ನಾದಿನಿ. ಮೂಲೆಯಲ್ಲಿ ನಿಂತಿದ್ದವಳು ಈಗ ಒಂದೊಂದಾಗಿ ಹೇಳತೊಡಗಿದಳು. ಸಾರು ಕುದಿಯುವಾಗ ಅಂಗೈಗೆ ಹಾಕಿಕೊಂಡು ನೆಕ್ಕಿದ್ದು. ಉಪ್ಪು ಸಾಕೇ ಅಂತ ಇನ್ನೊಮ್ಮೆ ನೋಡಿದ್ದು. ಹಪ್ಪಳ ಕರಿಯುವಾಗ ಮುರಿದ ಚೂರೆಲ್ಲ ಬಾಯಿಗೆ. ಎಲ್ಲರದ್ದೂ ಆದ ಮೇಲೆ ಪಾತ್ರೆಯ ತಳದ ಗಸಿಯನ್ನು ರೊಟ್ಟಿ ಚೂರಿನಲ್ಲಿ ಬಳಿದದ್ದು. ಬೆಳಿಗ್ಗೆ ಎಲ್ಲರೂ ಏಳುವ ಮೊದಲು ತಂಗಳು ಕಡುಬಿಗೆ ಅದೇ ಸಾರು, ಉಪ್ಪಿನಕಾಯಿ. "ನಾನ್ ನೋಡ್ತಾನೇ ಇದ್ದೆ" ಅಂದಳು.

ನನಗೆ ನಾಚಿಕೆಯಾಯಿತು, ಆದರೆ ಅದಕ್ಕಿಂತ ಆಶ್ಚರ್ಯವೇ ಹೆಚ್ಚು. ಇದನ್ನೆಲ್ಲ ನಾನು ಊಟವೆಂದು ಎಣಿಸಿಯೇ ಇರಲಿಲ್ಲ. ತಟ್ಟೆಗೆ ಬೀಳದ್ದು ಹೊಟ್ಟೆಗೂ ಬಿದ್ದಿಲ್ಲ ಅಂದುಕೊಂಡಿದ್ದೆ.

"ಉಪ್ಪು ಹೊಟ್ಟೆಗ್ ಹೋಗಿದ್ದು, ಬೆರಳಿಗೆ ಹೆಂಗ್ ಬಂತು ಡಾಕ್ಟ್ರೇ?" ಅಂತ ಕೇಳಿದೆ.

"ಉಪ್ಪು ಎಲ್ಲಿ ಹೋದ್ರೂ ಜೊತೆಗೆ ನೀರನ್ನ ಹಿಡ್ಕೊಳ್ಳುತ್ತೆ. ಮಳೆಗಾಲದಲ್ಲಿ ನಿಮ್ಮನೆ ಉಪ್ಪಿನ ಜಾಡಿ ಏನಾಗುತ್ತೆ?"

ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆಷಾಢ ಬರುವಷ್ಟರಲ್ಲಿ ಕಲ್ಲುಪ್ಪು ಗಾಳಿಯ ತೇವವನ್ನೆಲ್ಲ ಕುಡಿದು, ಜಾಡಿಯಡಿ ನೀರು ನಿಲ್ಲುತ್ತದೆ. ಒಲೆಯ ಪಕ್ಕ ಇಟ್ಟರೂ ಒಣಗುವುದಿಲ್ಲ. ಅದೇ ಕೆಲಸ ನನ್ನ ಮೈಯೊಳಗೂ ನಡೆದಿತ್ತು.

ಬಿಪಿ ಕೊಂಚ ಮೇಲಿದೆ, ಇವತ್ತೇ ಮಾತ್ರೆ ಬೇಡ, ಮುಂದಿನ ವಾರ ಮತ್ತೆ ಬನ್ನಿ ಅಂದರು ಡಾಕ್ಟರು. ನಾನು ಒಂದೆರಡು ದಿನ ಪೂರ್ತಿ ಉಪವಾಸ ಇದ್ದುಬಿಡಲೇ ಅಂತ ಕೇಳಿದ್ದಕ್ಕೆ ತಲೆಯಾಡಿಸಿದರು. "ಬೇಡ. ಹಬ್ಬ ಬರೋಕೆ ಮುಂಚೆ ಏನು ಉಣ್ತಿದ್ರೋ ಅದನ್ನೇ ಉಣ್ಣಿ. ಉಪ್ಪು ಕಮ್ಮಿ ಮಾಡಿ. ಉಪ್ಪಿನಕಾಯಿ, ಹಪ್ಪಳ, ಹಳೇ ಸಾರು ಮುಟ್ಟಬೇಡಿ. ಬಾಯಾರಿದಾಗ ನೀರು ಕುಡಿಯಿರಿ, ನಡೀರಿ, ಹೊತ್ತಿಗೆ ಸರಿಯಾಗಿ ಮಲಗಿ. ಕೂತಾಗ ಕೈ ಎತ್ತರದಲ್ಲಿರಲಿ." ಆಮೇಲೆ ನಾದಿನಿಯ ಕಡೆ ತಿರುಗಿದರು. "ಬೆರಳು ನೀಲಿಯಾದ್ರೆ, ಜೋಮು ಹಿಡಿದ್ರೆ, ಉಂಗುರದ ಮುಖ ನೋಡಬೇಡಿ. ಆ ಕ್ಷಣ ಕತ್ತರಿಸಬೇಕು."

"ಆಗ್ಲಿ ಮೇಡಂ" ಅಂದಳು ಅವಳು, ಮೆಲ್ಲಗೆ.

ಹೊರಗೆ ಬಂದು ಜೀಪಿನ ಹತ್ತಿರ ನಿಂತಾಗ ನಾನು, "ನೀನು ಹೊರಡು ಮಾರಾಯ್ತಿ, ಬಿಚ್ಚಿದ ಕೂಡಲೇ ನಿಮ್ಮಣ್ಣನ ಕೈಲಿ ಕಳುಸ್ತೀನಿ" ಅಂದೆ. ಅವಳು ಬಸ್‌ಸ್ಟ್ಯಾಂಡಿನ ಕಡೆ ಒಂದು ಸಲ ನೋಡಿದಳು. ಆಮೇಲೆ ಅಂಗಡಿಯ ಗಿರಾಕಿಗಳಿಗೆ ಫೋನ್ ಮಾಡಿ, ಬ್ಲೌಸುಗಳು ಕೊಂಚ ತಡವಾಗುತ್ತವೆ ಎಂದು ಹೇಳಿದಳು. ಉಂಗುರದ ಮೇಲಿನ ಚಿಂತೆಯೋ, ನನ್ನ ಬೆರಳಿನ ಮೇಲಿನದೋ, ನನಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಮನೆಗೆ ಬಂದ ಕೂಡಲೇ ಅವಳು ಮಾಡಿದ ಮೊದಲ ಕೆಲಸವೆಂದರೆ ಉಳಿದಿದ್ದ ಸಾರನ್ನು ಹೊರಗೆ ಸಾಗಿಸಿದ್ದು. ನಾನು ತಡೆಯಲು ಹೋದೆ. "ಒಳ್ಳೇ ಸಾರು ಕಣೇ, ಚೆಲ್ತಾರಾ ಯಾರಾದ್ರೂ." "ಒಳ್ಳೇದು ಅಂತ್ಲೇ ತಾನೇ ಇಷ್ಟಾಗಿದ್ದು" ಅಂದು ಪಾತ್ರೆ ಎತ್ತಿಕೊಂಡು ಹೋದಳು. ಅಡುಗೆಮನೆ ಅವಳ ಕೈಗೆ ಹೋಯಿತು.

ರಾತ್ರಿಯ ಊಟಕ್ಕೆ ದಂಟಿನ ಸೊಪ್ಪು ಬೇಯಿಸಿ ಉಪ್ಸಾರು ಮಾಡಿದಳು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಉಪ್ಪು, ಮೇಲೆ ನೆಂಚಿಕೊಳ್ಳಲು ಖಾರ; ಅಷ್ಟೇ ಅದು. ಹೆಸರಿನಲ್ಲೇ ಉಪ್ಪಿರುವ ಸಾರಿಗೆ ಉಪ್ಪು ಹಾಕದೆ ಬಡಿಸಿದಳು. ನನ್ನ ಗಂಡ ಒಂದು ತುತ್ತು ಮುದ್ದೆ ಅದ್ದಿ ನುಂಗಿ, ತಟ್ಟೆಯನ್ನೇ ನೋಡುತ್ತಾ ಕೂತರು.

"ಇದುಕ್ಕೇನು ಅಂತಾರವ್ವ? ಬರೀ ಸಾರಾ?"

"ನಿಂಗೆ ಬೇಕಾದ್ರೆ ಹಾಕ್ಕಳಣ್ಣ. ಉಪ್ಪು ಅಲ್ಲೇ ಐತೆ."

ಅವರು ಹಾಕಿಕೊಂಡರು. ನಾನು ಹಾಕಿಕೊಳ್ಳಲಿಲ್ಲ. ಮೊದಲ ದಿನ ಊಟ ಬಾಯಿಗೆ ಮಣ್ಣು ಹಾಕಿಕೊಂಡ ಹಾಗಿತ್ತು, ನಿಜ. ಎರಡನೆಯ ದಿನವೂ ಹಾಗೆಯೇ. ಆಮೇಲೆ ಅವಳು ಚಿಟಿಕೆ ಉಪ್ಪು ಹಾಕತೊಡಗಿದಳು, ಹುಳಿಗೆ ನಿಂಬೆಹಣ್ಣು ಹಿಂಡಿದಳು, ಹಸಿ ಮೆಣಸು, ಕೊತ್ತಂಬರಿ ಜಾಸ್ತಿ ಮಾಡಿದಳು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ನನಗೆ ದಂಟಿನ ಕಡ್ಡಿಯೊಳಗೆ ಸಿಹಿಯಿರುವುದು ಗೊತ್ತಾಯಿತು. ಹುರುಳಿಕಾಳಿನಲ್ಲಿ ಮೊದಲ ಮಳೆ ಬಿದ್ದ ಹೊಲದ ವಾಸನೆಯಿತ್ತು. ಅದೇ ಹಿತ್ತಲ ದಂಟು, ಅದೇ ಡಬ್ಬದ ಹುರುಳಿ. ಇಷ್ಟು ವರ್ಷ ಇವೆಲ್ಲ ಎಲ್ಲಿದ್ದವು ಎಂದು ಯೋಚಿಸುತ್ತಾ ನಿಧಾನವಾಗಿ ಅಗಿದೆ. ನಾನು ಅಷ್ಟು ನಿಧಾನವಾಗಿ ಉಂಡದ್ದು ನೆನಪಿಲ್ಲ. ಕೂತು ಉಂಡದ್ದೇ ಅಪರೂಪ. ಈಗ ನಾವು ಮೂವರೂ ಒಟ್ಟಿಗೆ ಕೂರುವವರೆಗೆ ನಾದಿನಿ ಬಡಿಸುತ್ತಿರಲಿಲ್ಲ.

ದಿನಕ್ಕೆ ಹಲವು ಸಲ ನಾನು ಕಾಲನ್ನು ಒತ್ತಿ ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಎದ್ದಾಗ ಗುಳಿ ಕಡಿಮೆ, ಸಂಜೆಗೆ ಜಾಸ್ತಿ. ಬೆರಳಿನದು ತದ್ವಿರುದ್ಧ. ಬೆಳಿಗ್ಗೆ ಮುಷ್ಟಿ ಕಟ್ಟಲು ಬಾರದಷ್ಟು ಬಿಗಿ, ಓಡಾಡಿದ ಮೇಲೆ ಸಡಿಲ. ನೀರು ಮೈಯೊಳಗೆ ಗದ್ದೆಯ ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹೋಗುತ್ತದೆಯೇ? ರಾತ್ರಿ ಮಲಗಿದಾಗ ಎಲ್ಲಾ ಸಮನಾಗಿ ಹರಡುತ್ತದೆಯೇ? ಯಾರನ್ನು ಕೇಳುವುದೆಂದು ತಿಳಿಯದೆ ನಾದಿನಿಯನ್ನೇ ಕೇಳುತ್ತಿದ್ದೆ. ಅವಳು ತನಗೆ ತಿಳಿದಷ್ಟು ಹೇಳುತ್ತಿದ್ದಳು. ಅಂಗಡಿಗೆ ಬರುವ ಹೆಂಗಸರ ಅಳತೆ ಬೆಳಿಗ್ಗೆ ಒಂದು, ಸಂಜೆ ಒಂದು ಬರುವುದನ್ನು ಅವಳೂ ಕಂಡಿದ್ದಳಂತೆ. ಒಂದು ದಿನ ಜಗುಲಿಗೆ ಬಂದಾಗ ನನ್ನ ಗಂಡ ಪಂಚೆ ಎತ್ತಿಕೊಂಡು ತಮ್ಮ ಕಾಲನ್ನೇ ಒತ್ತಿ ನೋಡಿಕೊಳ್ಳುತ್ತಿದ್ದರು. ನಮ್ಮನ್ನು ಕಂಡು ಪಂಚೆ ಇಳಿಸಿದರು.

"ಸೊಳ್ಳೆ ಕಚ್ತು" ಅಂದರು.

ಬೆಳಗಿನ ನಡಿಗೆಗೆ ನಾವು ಆನೆಗಳ ಅಪ್ಪಣೆ ಪಡೆಯಬೇಕಾಗಿತ್ತು. ಎಲ್ಲೆಲ್ಲಿ ಕಾಡಾನೆ ಇದೆಯೆಂದು ಅರಣ್ಯ ಇಲಾಖೆಯಿಂದ ನನ್ನ ಗಂಡನ ಮೊಬೈಲಿಗೆ ಬೆಳಿಗ್ಗೆಯೇ ಮೆಸೇಜು ಬರುತ್ತದೆ. ಅದನ್ನು ನೋಡಿ, ಬೆಳಕು ಚೆನ್ನಾಗಿ ಹರಿದ ಮೇಲೆ, ಪಕ್ಕದ ಎಸ್ಟೇಟಿನ ಬೇಲಿಗುಂಟ ಇರುವ ರಸ್ತೆಯಲ್ಲಿ ಹೋಗಿ ಬರುತ್ತಿದ್ದೆವು. ಅಲ್ಲಿ ಸ್ಪ್ರಿಂಕ್ಲರ್ ಬಿಟ್ಟಿದ್ದ ಕಡೆಯೆಲ್ಲ ಕಾಫಿ ಹೂವಾಗಿ ಗಿಡಗಳು ಬೆಳ್ಳಗಾಗಿದ್ದವು, ವಾಸನೆಗೆ ತಲೆ ತುಂಬುತ್ತಿತ್ತು. ನಮ್ಮ ತೋಟಕ್ಕೆ ನೀರಿಲ್ಲ, ಮಳೆಗೆ ಕಾಯಬೇಕು; ನಮ್ಮ ಗಿಡದಲ್ಲಿ ಮೊಗ್ಗು ಇನ್ನೂ ಹಸಿರು ಕಡ್ಡಿಯ ಹಾಗೇ ಇತ್ತು. ನಾನು ಉಬ್ಬಿದ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಡೆಯುತ್ತಿದ್ದೆ. ಎದುರು ಬಂದ ಕೆಲಸದವರು ಕೈ ಮುರಿಯಿತೇನು ಅಂತ ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಮೆಸೇಜಿನಲ್ಲಿ ನಮ್ಮ ರಸ್ತೆಯ ಹೆಸರೇ ಇತ್ತು. ಅವತ್ತು ಹೊರಗೆ ಹೋಗದೆ ಮನೆಯ ಪಕ್ಕದ ಕಾಫಿ ಕಣದಲ್ಲೇ ಸುತ್ತು ಹಾಕಿದೆವು. ಕೊಯ್ಲು ಮುಗಿದು ಕಣ ಖಾಲಿ ಬಿದ್ದಿತ್ತು. ಎರಡು ಹೆಂಗಸರು ಬೆಳಿಗ್ಗೆ ಬೆಳಿಗ್ಗೆ ಖಾಲಿ ಕಣವನ್ನು ಸುತ್ತುವುದನ್ನು ನೋಡಿ ನಾಯಿಗೂ ಸೋಜಿಗವಾಗಿ ಅದೂ ಹಿಂದೆ ಬಂತು.

ಅಲ್ಲಿ ಸುತ್ತುತ್ತಾ ನಾನು ಕೇಳಿಯೇಬಿಟ್ಟೆ. "ಅತ್ತೆ ನಿಂಗೆ ಈ ಉಂಗುರ ಯಾವಾಗ ಕೊಟ್ಟಿದ್ರು?"

"ಅವ್ವ ಎಲ್ಲಿ ಕೊಟ್ಲು ಅತ್ತಿಗೆ. ಅವಳು ಹೋದ್ಮೇಲೆ ಅಕ್ಕಿ ಡಬ್ಬದಲ್ಲಿ ಸಿಕ್ತಂತೆ, ಅಣ್ಣ ನನ್ನ ಕೈಗೆ ಹಾಕಿದ್ದು."

"ಹಂಗಾದ್ರೆ ಯಾಕ್ ಹಾಕ್ಕಳೋದು ಬಿಟ್ಟಿದ್ರು?"

"ಬೆರಳಿಗೆ ಹಿಡೀತಿರ್ಲಿಲ್ಲ. ಒಂದ್ಸಲ ಹಿಂಗೇ ಸಿಕ್ಕಾಕ್ಕಂಡು, ಬೂದಿ ಹಚ್ಚಿ ರಕ್ತ ಬರಂಗೆ ಕಿತ್ತಾಕಿದ್ಲಂತೆ. ನಂಗೆ ಹೇಳಿದ್ಲು, ಯಾರ್ಗೂ ಹೇಳ್ಬೇಡ ಅಂದಿದ್ಲು. ಕಾಲೂ ಊದ್ತಿತ್ತು ಕಣತ್ತಿಗೆ, ಸೀರೆ ಇಳಿಸಿ ಉಟ್ಕಳೋಳು."

ನನ್ನ ಅತ್ತೆ ಒಂದು ದೀಪಾವಳಿ ಕಳೆದ ಮೇಲೆ ಲಕ್ವ ಹೊಡೆದು ಬಿದ್ದವರು ಮತ್ತೆ ಏಳಲಿಲ್ಲ. ಬಿಪಿ ಅಂತ ಆಸ್ಪತ್ರೆಯಲ್ಲಿ ಹೇಳಿದಾಗಲೇ ನಮಗೆ ತಿಳಿದದ್ದು. ಅವರೂ ಎಲ್ಲರದ್ದೂ ಆದ ಮೇಲೆ, ಒಲೆಯ ಪಕ್ಕ, ಪಾತ್ರೆಯ ತಳ ಬಳಿದು ಉಣ್ಣುತ್ತಿದ್ದರು. ನಾನು ಈ ಮನೆಗೆ ಬಂದಾಗ ಅವರು ಹಾಗೆ ಉಣ್ಣುವುದನ್ನು ನೋಡಿದ್ದೆ. ಅವರು ಹೋದ ಮೇಲೆ ಆ ಜಾಗದಲ್ಲಿ ನಾನು ಕೂತೆ, ಅಥವಾ ನಿಂತೆ. ಹಾಗೆ ಮಾಡು ಎಂದು ಅವರು ಯಾವತ್ತೂ ಹೇಳಿದವರಲ್ಲ.

"ಅವತ್ತು ದೊಡ್ಡಮ್ಮ ಅಂದ ಮಾತು..." ಅಂತ ಶುರು ಮಾಡಿದೆ.

"ಅದುಕ್ಕೆ ನಂಗೆ ಬೇಜಾರಾಗ್ಲಿಲ್ಲ" ಅಂದಳು ಅವಳು. "ನಿಮ್ಮ ಬೆರಳು ನೋಡಿ ಅವ್ವನ ಬೆರಳು ನೆನಪಾಗಿ ಭಯ ಆಯ್ತು. ಅದುಕ್ಕೇ ಬಸ್ ಹತ್ಲಿಲ್ಲ."

ನಾನು ಅವಳ ತೋಳು ಹಿಡಿದುಕೊಂಡೆ. ಆಮೇಲೆ ನಾವು ಅತ್ತೆಯ ವಿಷಯವನ್ನು ಎಷ್ಟೋ ಹೊತ್ತು ಮಾತಾಡಿದೆವು. ಅವರು ಹಳಸಿದ ಅನ್ನವನ್ನೂ ಚೆಲ್ಲದಿದ್ದದ್ದು, ಬಿಸಿಲಿಗೆ ಹಾಕಿದ ಸಂಡಿಗೆ ಕಾಯುತ್ತಾ ಅರ್ಧ ತಾವೇ ತಿಂದುಬಿಡುತ್ತಿದ್ದದ್ದು. ನಗುವೂ ಬಂತು. ಮಗಳು ಕಂಡ ತಾಯಿ ಬೇರೆ, ಸೊಸೆ ಕಂಡ ಅತ್ತೆ ಬೇರೆ. ಎರಡನ್ನೂ ಒಟ್ಟಿಗಿಟ್ಟು ನೋಡಲು ನಮಗೆ ಅಲ್ಲಿಯವರೆಗೆ ಸಮಯವೇ ಸಿಕ್ಕಿರಲಿಲ್ಲ. ಅವಳು ಬಂದಾಗಲೆಲ್ಲ ಹಬ್ಬ, ಹಬ್ಬವೆಂದರೆ ನಾನು ಒಳಗೆ, ಅವಳು ಹೊರಗೆ.

ಅದಾದ ಮಾರನೆಯ ದಿನ ಅವಳು ಸೊಪ್ಪು ಬಿಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಏನೋ ಹೇಳುತ್ತಾ ಉಂಗುರವನ್ನು ತಿರುಗಿಸುತ್ತಿದ್ದೆ. ಅವಳ ಕೈ ನಿಂತಿತು. "ಅತ್ತಿಗೆ, ತಿರುಗ್ತಾ ಐತೆ." ಹೌದು, ತಿರುಗುತ್ತಿತ್ತು. ನಾನು ಎಳೆಯಲು ಹೋದಾಗ ಕೈ ಹಿಡಿದು ತಡೆದಳು. "ಇವತ್ತು ಬೇಡ. ಮತ್ತೆ ಎಳೆದು ಊದುಸ್ಕಬೇಡಿ."

ಮರುದಿನ ನಡೆದು ಬಂದ ಮೇಲೆ, ನಾನು ತಣ್ಣೀರಿನಲ್ಲಿ ಕೈ ಅದ್ದಿ ಕೂತೆ. ಅವಳು ಎರಡು ಹನಿ ಎಣ್ಣೆ ಹಾಕಿ, ತಿರುಪು ಬಿಚ್ಚುವ ಹಾಗೆ ನಿಧಾನವಾಗಿ ತಿರುಗಿಸಿದಳು. ಗಂಟಿನ ಹತ್ತಿರ ಒಂದು ಕ್ಷಣ ನಿಂತಿತು. ಆಮೇಲೆ ಬಂದುಬಿಟ್ಟಿತು, ಅಷ್ಟೇ. ಇಷ್ಟೆಲ್ಲ ಮಾಡಿಸಿದ್ದು ಇದೇನಾ ಎನ್ನುವಷ್ಟು ಹಗುರವಾಗಿ. ಬೆರಳಿನ ಬುಡದಲ್ಲಿ ಬಿಳಿಚಿಕೊಂಡ ಪಟ್ಟಿ ಉಳಿದಿತ್ತು, ಕತ್ತಲಲ್ಲಿ ಬೆಳೆದ ಹುಲ್ಲಿನ ಹಾಗೆ. ಇಬ್ಬರೂ ಅದನ್ನು ಮುಟ್ಟಿ ಮುಟ್ಟಿ ನೋಡಿದೆವು.

ಅವಳು ಉಂಗುರವನ್ನು ಸೀರೆಯ ಸೆರಗಿಗೆ ಒರೆಸಿ ತನ್ನ ಬೆರಳಿಗೆ ಹಾಕಿಕೊಂಡಳು. ನನಗದು ಸರಿಯೆನಿಸಿತು. ಮಧ್ಯಾಹ್ನದ ಬಸ್ಸಿಗೆ ಹೊರಟಳು. ಹೊರಡುವ ಮೊದಲು ಉಪ್ಪಿನಕಾಯಿ ಜಾಡಿಯನ್ನು ಅಟ್ಟದ ಮೇಲಿಟ್ಟು, ಏಣಿಯನ್ನು ಕೊಟ್ಟಿಗೆಗೆ ಸಾಗಿಸಿದಳು.

ಎರಡನೆಯ ಸಲ ಹೋದಾಗ ಬಿಪಿ ಇಳಿದಿತ್ತು, ಆದರೆ ಡಾಕ್ಟರು ಬೇಕೆಂದಷ್ಟಲ್ಲ. ಆಗಾಗ ಬಂದು ನೋಡಿಸಿಕೊಳ್ಳುತ್ತಿರಬೇಕು ಅಂದರು. ಈಗಲೂ ಹೋಗುತ್ತೇನೆ. ಆ ದಿನಗಳಲ್ಲಿ ಕಲಿತದ್ದರಲ್ಲಿ ಕೆಲವು ಉಳಿದವು, ಕೆಲವು ಹೋದವು. ಮಳೆ ಹಿಡಿದ ಮೇಲೆ ನಡಿಗೆ ನಿಂತಿತು. ಬಿಸಿಲು ಬಂದ ಮೇಲೆ ಮತ್ತೆ ಶುರು ಮಾಡಿದೆ, ಮತ್ತೆ ಕೊಯ್ಲಿನ ಗಡಿಬಿಡಿಯಲ್ಲಿ ಬಿಟ್ಟೆ. ಸಾರು ಮಾತ್ರ ಒಂದು ಹೊತ್ತಿಗೆ ಆಗುವಷ್ಟೇ ಮಾಡುತ್ತೇನೆ. ಎಲ್ಲರ ಜೊತೆ ಕೂತೇ ಉಣ್ಣುತ್ತೇನೆ. ಅದಕ್ಕೆ ಮೊದಮೊದಲು ದೊಡ್ಡಮ್ಮ ಹುಬ್ಬು ಹಾರಿಸಿದ್ದರು, ಈಗ ಅವರೂ ಪಕ್ಕದಲ್ಲಿ ಕೂರುತ್ತಾರೆ.

ಕಳೆದ ಸಲ ಕ್ಲಿನಿಕ್ಕಿಗೆ ಹೋದಾಗ ನನ್ನದು ನೋಡಿದ ಮೇಲೆ ಡಾಕ್ಟರು ಬಾಗಿಲ ಬಳಿ ನಿಂತಿದ್ದ ನನ್ನ ಗಂಡನನ್ನು ಕರೆದರು. "ನೀವೂ ಬನ್ನಿ, ಕೂತ್ಕೊಳ್ಳಿ."

"ನಂಗೇನೂ ಇಲ್ಲ ಮೇಡಂ. ನಾನು ಡ್ರೈವರ್ ಅಷ್ಟೇಯ."

"ತೋಳು ಮಡಚಿ."

ನನ್ನ ಗಂಡ ನನ್ನ ಮುಖ ನೋಡಿದರು. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅಂಗಿಯ ತೋಳು ಮಡಚಿ, ಪಟ್ಟಿ ಸುತ್ತಿಸಿಕೊಂಡು, ಗಾಳಿ ತುಂಬಿ ಅದು ಬಿಗಿಯುವಾಗ ಅವರು ಬಿಪಿ ಯಂತ್ರದ ಮುಳ್ಳನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. "ಅಲ್ಲಾ ಮೇಡಂ," ಅಂತ ಮೆಲ್ಲಗೆ ಕೇಳಿದರು, "ಇದು ಒಳಗಿರೋದನ್ನ ಹೊರಗಿಂದ ಹೆಂಗೆ ಹೇಳ್ತದೆ?"

ಹೊರಗೊಂದು ಲಾರಿ ಹೋಗುತ್ತಿತ್ತು. ಡಾಕ್ಟರು ಸದ್ದು ಕಳೆಯಲೆಂದು ಕಾದರು.